ಕಡೆಗೆ ಉಣ್ಣುವವರು ಯಾರು?

ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿ ಆಮೇಲೆ ನೀವು ಮುಖ ತಿರುಗಿಸುವುದು ಬೇಡ. ಕುರುಗೋಡಿನ ಹದಿನೆಂಟು ಮನೆಗಳಲ್ಲಿ ಏನು ಬೇಯುತ್ತದೆ, ಯಾರು ಮೊದಲು ಉಣ್ಣುತ್ತಾರೆ, ಯಾರು ಕಡೆಗೆ ಉಣ್ಣುತ್ತಾರೆ ಎಂಬುದನ್ನು ಆ ಮನೆಗಳ ಹೊಸ್ತಿಲು ದಾಟದೆಯೇ ಬರೆದುಕೊಟ್ಟ ಪುಣ್ಯಾತ್ಮ ನಾನೇ. ಬೇವಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಮಂಡಕ್ಕಿ ಮೆಲ್ಲುತ್ತ, ಒಂದೊಂದು ಮನೆಯವರ ದನಿಯನ್ನೂ ಗಂಟಲಿಗೆ ತಂದುಕೊಂಡು, ಅವರ ಪರವಾಗಿ ನಾನೇ ಉತ್ತರ ಹೇಳಿ ನಾನೇ ಬರೆದುಕೊಂಡೆ. ಸೋಮಾರಿತನದಿಂದ ಹಾಗೆ ಮಾಡಿದೆ ಎಂದರೆ ನೀವು ನಕ್ಕು ಬಿಟ್ಟುಬಿಡುತ್ತೀರಿ, ಗೊತ್ತು. ಸೋಮಾರಿತನವಾಗಿದ್ದರೆ ನನಗೂ ಸುಖವಾಗಿರುತ್ತಿತ್ತು. ಅದು ಹೊಟ್ಟೆಕಿಚ್ಚು.

ಇದೆಲ್ಲ ಇವತ್ತು ಬೆಳಿಗ್ಗೆ ನೆನಪಾದದ್ದು ಒಂದು ವಾಸನೆಯಿಂದ. ನಾನೀಗ ಸಿರುಗುಪ್ಪದಲ್ಲಿ ಮೇಷ್ಟ್ರು. ಬಳ್ಳಾರಿ ಮದರಾಸಿನ ಕೈಬಿಟ್ಟು ಮೈಸೂರಿನ ಕೈಹಿಡಿದು ಇನ್ನೂ ಅರಿಶಿನ ಆರಿಲ್ಲ. ಅಷ್ಟರಲ್ಲೇ ಹೊಸ ಸರ್ಕಾರದ ಟಪಾಲಿನಲ್ಲಿ ನಮ್ಮ ಶಾಲೆಗೆ ಒಂದು ಕಟ್ಟು ಫಾರ್ಮುಗಳು ಬಂದವು. ಬಿಚ್ಚಿದೆ. ಸೈಕ್ಲೋಸ್ಟೈಲ್ ಮಸಿಯ ವಾಸನೆ ಮೂಗಿಗೆ ಹೊಡೆಯಿತು. ನೀವು ಮೂಸಿದ್ದೀರೋ ಇಲ್ಲವೋ. ಸೀಮೆಎಣ್ಣೆಯೂ ಹರಳೆಣ್ಣೆಯೂ ಒಂದೇ ಡಬ್ಬಿಯಲ್ಲಿ ಕೂತು ಜಗಳವಾಡಿದಂಥ ವಾಸನೆ ಅದು. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದೆ. ನನಗೆ ಮಾತ್ರ ಎದೆಯಿಂದ ಸ್ವಲ್ಪ ಕೆಳಗೆ, ಹೊಟ್ಟೆಯಿಂದ ಸ್ವಲ್ಪ ಮೇಲೆ, ಪಂಪಾಪತಿ ಎಂಬ ಹೆಸರಿನ ಒಂದು ಉರಿ ಏಳುತ್ತದೆ.

ಪಂಪಾಪತಿಯ ವಿಷಯಕ್ಕೆ ಬರುವ ಮುಂಚೆ ನನ್ನ ಗಂಟಲಿನ ವಿಷಯ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ. ನಮ್ಮದು ಹಿತ್ತಾಳೆ ಪಾತ್ರೆ ಅಂಗಡಿ. ಅಂಗಡಿಯ ಮುಂದೆ ಜವಳಿ ಸಾಹುಕಾರರ ತೆಲುಗು, ಜಟಕಾ ಸಾಬರ ಉರ್ದು, ಹಳ್ಳಿಯಿಂದ ಬಂದ ಹೆಣ್ಣುಮಕ್ಕಳ ಚೌಕಾಸಿ ಎಲ್ಲ ಬೆಳಗಿನಿಂದ ಹರಿಯುತ್ತಿತ್ತು. ಅದನ್ನೆಲ್ಲ ಕುಡಿದು ಬೆಳೆದವನು ನಾನು. ಮೂರು ಮಾತು ಕಿವಿಗೆ ಬಿದ್ದರೆ ಸಾಕು, ಆ ಮನುಷ್ಯ ನನ್ನ ಗಂಟಲಲ್ಲಿ ಬಿಡಾರ ಹೂಡುತ್ತಿದ್ದ. ಅಂಗಡಿಯ ಒಳಗಿಂದ ಅಪ್ಪನ ದನಿಯಲ್ಲಿ ಕೂಗಿ ಗಿರಾಕಿಗಳನ್ನು ವಾಪಸು ಕರೆದು, ಅಪ್ಪನ ಕೈಯಲ್ಲೇ ಏಟು ತಿಂದಿದ್ದೇನೆ. ನಮ್ಮವ್ವ ಒಂದು ದಿನ ಬೇಸತ್ತು ಹೇಳಿದ್ದಳು: "ಲೇ, ನಿನ್ನ ಸ್ವಂತ ದನಿ ಅಂತ ಒಂದು ಐತಿಲ್ಲೋ? ಅದರಾಗ ಕೇಳು, ರೊಟ್ಟಿ ಹಾಕ್ತೀನಿ." ಆವತ್ತು ರೊಟ್ಟಿ ಸಿಗುವುದು ತಡವಾಯಿತು. ಹುಡುಕಬೇಕಾಯಿತಲ್ಲ.

ಕಾಲೇಜು ಮುಗಿಸಿ ಕೆಲಸವಿಲ್ಲದೆ ಕೋಟೆಗುಡ್ಡದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಅಳೆಯುತ್ತಿದ್ದ ದಿನಗಳಲ್ಲಿ ಮದರಾಸಿನಿಂದ ಒಬ್ಬ ಪ್ರೊಫೆಸರರು ಬಂದರು. ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ಆದರೂ ಅಕ್ಕಿ ಜೋಳಕ್ಕೆ ಕಂಟ್ರೋಲ್ ಬಿಡದಿದ್ದ ಕಾಲ. ರೇಷನ್ನಿನ ಕಾಳು ನಿಜವಾಗಿ ಯಾರ ತಟ್ಟೆಗೆ ಬೀಳುತ್ತದೆ ಎಂದು ಮನೆಮನೆಗೆ ಹೋಗಿ ಕೇಳಿ ವರದಿ ಬರೆಯುವುದು, ಆ ವರದಿಯ ಮೇಲೆ ಸರ್ಕಾರಕ್ಕೆ ಒಂದು ಅಭಿಪ್ರಾಯಪತ್ರ ಕೊಡುವುದು ಅವರ ಕೆಲಸ. ತೆಲುಗು ಮನೆಮಾತು, ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಯಾರು ಏನೇ ಹೇಳಲಿ, ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸುತ್ತ, "ಅಂಟೇ?" ಎನ್ನುತ್ತಿದ್ದರು. ಹಾಗೆಂದರೇನು ಎಂದು. ಮೊದಲ ದಿನ ಸಂಜೆಯೊಳಗೆ ಆ "ಅಂಟೇ" ನನ್ನ ಗಂಟಲಲ್ಲಿತ್ತು. ಎರಡನೆಯ ದಿನ ಬ್ರೂಸ್‌ಪೇಟೆಯ ಅರ್ಧ ಜನರ ಬಾಯಲ್ಲಿತ್ತು.

ಅವರು ಇಬ್ಬರನ್ನು ಆರಿಸಿಕೊಂಡರು. ಒಬ್ಬ ನಾನು. ಇನ್ನೊಬ್ಬ ಸಿರುಗುಪ್ಪದ ಪಂಪಾಪತಿ, ನನ್ನ ಸಹಪಾಠಿ. ಕೆಲಸ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬನನ್ನು ಮದರಾಸಿಗೆ ಕರೆದುಕೊಂಡು ಹೋಗುತ್ತೇನೆ, ಅವನು ನನ್ನ ಜೊತೆ ಕೂತು ವರದಿ ಬರೆಯಬೇಕು, ಪುಸ್ತಕದಲ್ಲಿ ಅವನ ಹೆಸರು ಅಚ್ಚಾಗುತ್ತದೆ ಎಂದು ಮೊದಲೇ ಹೇಳಿದ್ದರು. ಒಂದು ಮೇಜು, ಒಂದು ಕುರ್ಚಿ, ಕಿಟಕಿಯಾಚೆ ಸಮುದ್ರ, ಅಚ್ಚಿನಲ್ಲಿ ನನ್ನ ಹೆಸರು. ಸಮುದ್ರವನ್ನು ನಾನು ನೋಡಿರಲಿಲ್ಲ. ಆದರೂ ಅದರ ದನಿ ಮಾಡಲು ಅಭ್ಯಾಸ ಶುರುಮಾಡಿದ್ದೆ.

ಪಂಪಾಪತಿಗೆ ಇದು ಸಿಗುತ್ತದೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಅವನು ಮಾತೇ ಆಡುತ್ತಿರಲಿಲ್ಲ. "ಹೂಂ" ಎನ್ನುವುದಕ್ಕೂ ಜೇಬಿನಲ್ಲಿ ಹುಡುಕಿ ತೆಗೆದುಕೊಡುವವನಂತೆ ತಡಮಾಡುತ್ತಿದ್ದ. ಎಲ್ಲರನ್ನೂ ಅಣಕಿಸಿದ ನನಗೆ ಅವನೊಬ್ಬನನ್ನು ಅಣಕಿಸಲು ಬರಲಿಲ್ಲ. ಸುಮ್ಮನೆ ಕೂತರೆ ಅದು ಪಂಪಾಪತಿ ಎಂದು ಯಾರಿಗೆ ತಿಳಿಯಬೇಕು? ಸ್ನೇಹಿತರು "ಪಂಪನ ಮಾಡೋ" ಎಂದಾಗ ನಾನು ಬಾಯಿ ಮುಚ್ಚಿ ಕೂತೆ. ಅವರು ಸ್ವಲ್ಪ ಹೊತ್ತು ಕಾದು, "ಆರಾಮ ಇಲ್ಲೇನ್ಲೇ?" ಎಂದು ಹಣೆ ಮುಟ್ಟಿ ನೋಡಿದರು.

ಪ್ರಶ್ನೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಭಾಷಣದ ಬಹುಮಾನ ಹೊಡೆದವನು ನಾನಲ್ಲವೇ? "ತಮ್ಮ ಕುಟುಂಬಕ್ಕೆ ಆಹಾರಧಾನ್ಯವು ಪರ್ಯಾಪ್ತ ಪ್ರಮಾಣದಲ್ಲಿ ಲಭ್ಯವಾಗುತ್ತಿರುವುದೇ?" ಎಂದು ಬರೆದೆ. ಓದಿಕೊಂಡು ನನಗೇ ಮೈ ಜುಮ್ಮೆಂದಿತು. ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆಯನ್ನು ನಾನೇ ತಿರುಗಿಸಿ, ಕೈಯೆಲ್ಲ ಮಸಿ ಮಾಡಿಕೊಂಡು, ಆ ಕೈಯನ್ನು ಎರಡು ದಿನ ತೊಳೆಯದೆ ಊರಿಗೆಲ್ಲ ತೋರಿಸಿದೆ.

ಪರೀಕ್ಷೆಗೆಂದು ಮೊದಲು ಸಿರುಗುಪ್ಪಕ್ಕೆ ಹೋದೆವು. ಯುದ್ಧ ಮುಗಿದಿದ್ದರೂ ಇನ್ನೂ ಇದ್ದಿಲ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದ ಬಸ್ಸು. ಮೊದಲ ಮನೆಯ ಅಜ್ಜ ನನ್ನ ಪ್ರಶ್ನೆಯನ್ನು ಕೈಮುಗಿದು ಕೇಳಿದ. ಮುಗಿದ ಮೇಲೆ, "ಛಲೋ ಹೇಳಿದ್ರಿ ಯಪ್ಪಾ. ಇನ್ನ ಮಂಗಳಾರತಿ ಐತೇನ್ರಿ?" ಎಂದ. ನಾನು ಪ್ರಶ್ನೆಯನ್ನು ಬಿಡಿಸಿ, ಊಟಕ್ಕೆ ಸಾಕಾಗುತ್ತದೆಯೇ ಎಂದು ಕೇಳಿದೆ. "ಸಾಕಾಗ್ತೈತ್ರಿ, ದೇವರ ದಯಾ." ಎರಡನೆಯ ಮನೆ: "ಸಾಕಾಗ್ತೈತ್ರಿ." ಮೂರು, ನಾಲ್ಕು, ಹತ್ತು ಮನೆ, ಎಲ್ಲರಿಗೂ ಸಾಕಾಗುತ್ತಿತ್ತು. ನೋಡಿದರೆ ಆ ಬೀದಿಯ ನಾಯಿಗಳ ಪಕ್ಕೆಲುಬುಗಳನ್ನು ದೂರದಿಂದ ಎಣಿಸಬಹುದಿತ್ತು. ನಾನು ಸಂತೋಷದಿಂದ "ಸಾಕು, ಸಾಕು" ಎಂದು ಗುರುತು ಹಾಕಿಕೊಂಡು ಮಧ್ಯಾಹ್ನಕ್ಕೆ ಕೆಲಸ ಮುಗಿಸಿದೆ. ಪಂಪಾಪತಿ ಅಷ್ಟರಲ್ಲಿ ಎರಡು ಮನೆ ಮಾಡಿದ್ದ.

ಸಂಜೆ ಛತ್ರದಲ್ಲಿ ಪ್ರೊಫೆಸರರು ನಮ್ಮಿಬ್ಬರ ಟಿಪ್ಪಣಿ ಕೇಳಿದರು. ನನ್ನದು ನಾಲ್ಕು ಪುಟ. "ತುಂಗಭದ್ರೆಯ ಪಾವನ ತೀರದಲ್ಲಿ ಕಂಗೊಳಿಸುವ" ಎಂದು ಶುರುಮಾಡಿದೆ. "ಅಂಟೇ?" ಎಂದರು. "ಹೊಳೆ ಹತ್ರ ಐತಿ ಅಂತ ಸಾರ್" ಎಂದೆ. ಎರಡನೆಯ ವಾಕ್ಯಕ್ಕೂ "ಅಂಟೇ?" ಮೂರನೆಯದಕ್ಕೂ. ನಾಲ್ಕು ಪುಟವೂ ಕರಗಿ ಕಡೆಗೆ ಉಳಿದದ್ದು ಹೊಳೆ ಹತ್ತಿರ ಇದೆ ಎಂಬ ಒಂದು ಸಂಗತಿ. ಅದು ಅವರಿಗೆ ಛತ್ರದಿಂದಲೇ ಕಾಣುತ್ತಿತ್ತು.

ಪಂಪಾಪತಿ ಏನೂ ಬರೆದಿರಲಿಲ್ಲ. ನೆಲ ನೋಡುತ್ತಲೇ ಹೇಳಿದ: "ಸಾರ್, ಸಾಕಾಗ್ತೈತೇನು ಅಂತ ಕೇಳಿದ್ರ ಯಾರೂ ಸಾಲದು ಅನ್ನಂಗಿಲ್ರಿ. ಹೊರಗಿನವ್ರ ಮುಂದ ಮನಿ ಮಾನ ಯಾರು ಕಳ್ಕೊಂತಾರ? ಅದನ್ನ ಬಿಟ್ಟು, ನಿಮ್ಮ ಮನ್ಯಾಗ ಕಡೀಗೆ ಉಣ್ಣೋರು ಯಾರು ಅಂತ ಕೇಳೋಣ್ರಿ. ಅದನ್ನ ಹೇಳಾಕ ಯಾರಿಗೂ ನಾಚಿಕಿ ಇಲ್ಲ. ಕಡೀಗೆ ಉಣ್ಣೋರಿಗೆ ಏನು ಉಳೀತು ಅಂತ ಆಮ್ಯಾಲೆ ಅವರಽ ಹೇಳ್ತಾರ."

ಪ್ರೊಫೆಸರರು ಕನ್ನಡಕ ತೆಗೆದರು. ಒರೆಸಿದರು. ನಾನು ತುಟಿಯ ಮೇಲೆ "ಅಂಟೇ" ಸಿದ್ಧಮಾಡಿಕೊಂಡು ಕಾದೆ. ಅವರು ಅದನ್ನು ಅನ್ನಲೇ ಇಲ್ಲ. ಕನ್ನಡಕ ಹಾಕಿಕೊಂಡು, ನನ್ನ ಪರ್ಯಾಪ್ತ ಪ್ರಮಾಣದ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದು, ಪಂಪಾಪತಿಯ ಮಾತನ್ನು ಅವನ ಮಾತಿನಲ್ಲೇ ಬರೆದುಕೊಂಡರು.

ಹೊಟ್ಟೆಕಿಚ್ಚು ಎಂದರೆ ಬೆಂಕಿ ಎಂದುಕೊಂಡಿದ್ದೆ. ಹಾಗಿರಲಿಲ್ಲ ನನ್ನದು. ಹೊಸ ಚಪ್ಪಲಿ ಕಚ್ಚಿದ ಹಾಗೆ ಇತ್ತು. ಹೆಜ್ಜೆ ಇಟ್ಟಾಗಲೆಲ್ಲ ನೆನಪು. ಬಳ್ಳಾರಿಗೆ ವಾಪಸಾದ ಮೇಲೆ ಮಂಡಕ್ಕಿ ಒಗ್ಗರಣೆ ರುಚಿಸಲಿಲ್ಲ, ಮಿರ್ಚಿ ಖಾರವಾಗಲಿಲ್ಲ. ನನ್ನನ್ನು ಕಾಡಿದ್ದು ಅವನ ಪ್ರಶ್ನೆ ಒಳ್ಳೆಯದು ಎಂಬುದಕ್ಕಿಂತ ಅದು ಅಷ್ಟು ಸುಲಭ ಎಂಬುದು. ಅದರಲ್ಲಿ ನನಗೆ ಗೊತ್ತಿಲ್ಲದ ಒಂದು ಪದವೂ ಇರಲಿಲ್ಲ. ನಮ್ಮವ್ವ ದಿನಾ ಕಡೆಗೆ ಉಣ್ಣುವುದನ್ನು ಇಪ್ಪತ್ತೆರಡು ವರ್ಷ ನೋಡಿದವನು ನಾನು. ಆದರೂ ಅದು ಹೊಳೆದದ್ದು ಅವನಿಗೆ.

ಮುಂದಿನ ಊರು ಕುರುಗೋಡು. ಬಂಡೆಗುಡ್ಡಗಳು ಬಿಸಿಲನ್ನೆಲ್ಲ ಕುಡಿದು ಸಂಜೆ ಊರ ಮೇಲೆ ಉಗುಳುವ ಊರು. ತಲಾ ಮೂವತ್ತು ಮನೆ. ಹೊಸ ಫಾರ್ಮಿನಲ್ಲಿ "ಉತ್ತರವನ್ನು ಅವರ ಮಾತಿನಲ್ಲೇ ಬರೆಯಿರಿ" ಎಂದು ದೊಡ್ಡ ಜಾಗ ಬಿಟ್ಟಿದ್ದರು. ಪಂಪಾಪತಿ ಒಂದೊಂದು ಮನೆಯಲ್ಲಿ ಎರಡೆರಡು ತಾಸು ಕೂರುತ್ತಿದ್ದ. ಹೋಗಿ ನೋಡಿದರೆ ಕೇಳುತ್ತಲೂ ಇರುತ್ತಿರಲಿಲ್ಲ. ಅವರ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದ. ನಾನು ಹನ್ನೆರಡು ಮನೆ ನಿಯತ್ತಾಗಿ ಮಾಡಿದೆ. ಹದಿಮೂರನೆಯ ಮನೆಯ ಮುಂದೆ ಒಬ್ಬ ಅಜ್ಜಿ, ಹುಲಿಗೆಮ್ಮ, ಕೋಳಿಯನ್ನು ಬೈಯುತ್ತಿದ್ದಳು: "ನಿನ್ನ ಹೆಣಾ ಎತ್ಲಿ, ತಿನ್ನಾಕ ನಮ್ಮ ಮನಿ, ತತ್ತಿ ಇಡಾಕ ಅವ್ರ ಮನಿ ಏನೇ?" ನೀರು ಕೇಳಿದೆ. ಕೊಟ್ಟಳು. "ಯಾವೂರಪ್ಪಾ? ಬಿಸಿಲಾಗ ಯಾಕ ತಿರುಗ್ತೀ, ಕುಂದ್ರು" ಎಂದಳು. ಆ ದನಿ! ಹಿತ್ತಾಳೆ ಕೊಡದ ಮೇಲೆ ಕಲ್ಲು ಉಜ್ಜಿದಂಥ ದನಿ. ನನಗೆ ಬೇಕಾದ್ದು ಸಿಕ್ಕಿತ್ತು. ನಾನು ಕೂರಲಿಲ್ಲ.

ಎದುರಿನ ಬೇವಿನ ಕಟ್ಟೆಗೆ ಬಂದೆ. ರೇಷನ್ ಅಂಗಡಿಯವನಿಂದ ಹೆಸರುಗಳ ಪಟ್ಟಿ ಮೊದಲೇ ಇಸಿದುಕೊಂಡಿದ್ದೆ. ಈ ಜನ ಏನು ಹೇಳುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಗಂಟಲಲ್ಲೇ ಇದ್ದಾರಲ್ಲ! ಹುಲಿಗೆಮ್ಮನಿಂದಲೇ ಆರಂಭಿಸಿದೆ. ಕಡೆಗೆ ಉಣ್ಣುವವರು ಯಾರು? "ನಾನಽ ಯಪ್ಪಾ. ಮುದುಕಿ ಹೊಟ್ಟಿಗೆ ಎಷ್ಟು ಬೇಕು? ಮಕ್ಳು ಉಂಡ್ರ ನಾ ಉಂಡಂಗಽ." ಬರೆದು ನೋಡಿದೆ. ಎಷ್ಟು ಚಂದ! ನನ್ನ ಕಣ್ಣೇ ಒದ್ದೆಯಾಯಿತು. ಎರಡು ಸಂಜೆಗಳಲ್ಲಿ ಹದಿನೆಂಟು ಮನೆ ಮುಗಿದವು. ಆ ಎರಡೂ ಸಂಜೆ ಕಟ್ಟೆಯ ಇನ್ನೊಂದು ತುದಿಯಲ್ಲಿ, ತಲೆತುಂಬ ಹತ್ತಿಯ ನವಿರು ಅಂಟಿದ್ದ ಒಬ್ಬ ಗಂಡಸು ಬಂದು ಸುಮ್ಮನೆ ಕೂರುತ್ತಿದ್ದ. ಒಮ್ಮೆ ನನ್ನ ಮಂಡಕ್ಕಿ ಅವನ ಕಡೆ ಸರಿಸಿದೆ. "ಬ್ಯಾಡ್ರಿ, ಹೋಟೆಲ್ನ್ಯಾಗ ಉಂಡು ಬಂದೀನಿ" ಎಂದ. ಅವನ ಆಕಳಿಕೆ ವಿಚಿತ್ರವಾಗಿತ್ತು. ಅದನ್ನು ಕಲಿತುಕೊಂಡೆ. ಈ ಗಂಡಸನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ.

ಬಳ್ಳಾರಿಯಲ್ಲಿ ಪ್ರೊಫೆಸರರು ನನ್ನ ಫಾರ್ಮುಗಳನ್ನು ಓದಿ ಎದ್ದು ನಿಂತರು. "ಏಮಯ್ಯಾ! ಇಲ್ಲಿ ಮನುಷ್ಯರು ಮಾತಾಡ್ತಾ ಇದಾರೆ!" ಎಂದರು. ಹುಲಿಗೆಮ್ಮನ ಉತ್ತರವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಪಂಪಾಪತಿಯ ಮುಂದೆ, ನೆನಪಿರಲಿ. ಅವನು ನನ್ನ ಕಡೆ ತಿರುಗಿ, "ಭಾಳ ಛಲೋ ಬರ್ದೀಯಲೇ. ನನಗ ಹಿಂಗ ಬರಂಗಿಲ್ಲ" ಎಂದ. ಅವನ ಮುಖದಲ್ಲಿ ನನ್ನ ಕಾಯಿಲೆಯ ಒಂದು ಲಕ್ಷಣವಾದರೂ ಕಾಣುತ್ತದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಪಡದೆ ಇರುವುದೂ ಅವನಿಗೇ ಬರಬೇಕೇ?

ಸಮುದ್ರದ ದನಿ ಕಿವಿಯ ಹತ್ತಿರವೇ ಕೇಳುತ್ತಿತ್ತು. ಆದರೆ ಪ್ರೊಫೆಸರರು ನನ್ನ ಬರವಣಿಗೆಯನ್ನು ಅತಿಯಾಗಿ ಮೆಚ್ಚಿಬಿಟ್ಟರು. "ಈ ತಾಯಿಯನ್ನು ನಾನು ನೋಡಬೇಕು. ನಾಳೆ ಹೋಗೋಣ" ಎಂದರು.

ಮೂವರೂ ಹೋದೆವು. ಅದೇ ಕಟ್ಟೆ. ಜನ ಕೂಡಿದರು. ಎರಡು ಸಂಜೆ ನನ್ನ ಗಂಟಲಿನ ಆಟಗಳನ್ನು ಕೇಳಿದ್ದ ಯಾರೋ, "ಯಪ್ಪಾ, ನಮ್ಮ ಹುಲಿಗೆವ್ವನ ಮಾಡ್ರಿ" ಎಂದು ಕೂಗಿದರು. ಬುದ್ಧಿ ಇದ್ದವನು ಬೇಡ ಎನ್ನುತ್ತಿದ್ದ. ನಾನು ಸೆರಗು ಸಿಕ್ಕಿಸಿದಂತೆ ಸೊಂಟಕ್ಕೆ ಕೈಯಿಟ್ಟು ಕೋಳಿಯನ್ನು ಬೈದೆ. ಕಟ್ಟೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕೊಡ ಹೊತ್ತು ಹಿಂದೆಯೇ ಬಂದು ನಿಂತಿದ್ದ ಹುಲಿಗೆಮ್ಮ. "ಎವ್ವಾ, ನನ್ನ ಹೊಟ್ಟ್ಯಾಗ ಹುಟ್ಟಿದಂಗ ಮಾಡ್ತಾನಲ್ಲೇ! ಕೋಳಿ ಸೈತ ತಿರುಗಿ ನೋಡ್ತೈತಿ!" ಎಂದು ಕಣ್ಣೊರೆಸಿಕೊಂಡಳು.

ಪ್ರೊಫೆಸರರು ಕೈಮುಗಿದು, ಫಾರ್ಮು ಬಿಚ್ಚಿ, "ತಾಯೀ, ನೀವು ಹೇಳಿದ ಮಾತು ಓದಿ ನಿಮ್ಮನ್ನ ನೋಡೋಕೆ ಬಂದೆ" ಎಂದು ಓದಿದರು: ನಾನಽ ಯಪ್ಪಾ, ಮುದುಕಿ ಹೊಟ್ಟಿಗೆ ಎಷ್ಟು ಬೇಕು.

ಅಜ್ಜಿಯ ನಗೆ ನಿಂತಿತು. ಕೊಡ ಇಳಿಸಿದಳು. "ಇದ್ಯಾರು ಹೇಳಿದ್ರು?"

"ನೀವೇ ಅಂತೆ, ತಾಯೀ."

"ಯಾವಾಗ?"

ಪ್ರೊಫೆಸರರು ನನ್ನ ಕಡೆ ನೋಡಿದರು. ಕನ್ನಡಕ ತೆಗೆದರು. "ಅಂಟೇ?" ಎಂದು ಮೆಲ್ಲಗೆ ಕೇಳಿದರು. ಇಡೀ ಬಳ್ಳಾರಿ ಜಿಲ್ಲೆಯ ದನಿಗಳನ್ನು ಇಟ್ಟುಕೊಂಡಿದ್ದ ನನ್ನ ಗಂಟಲಿನಿಂದ ಒಂದು ದನಿಯೂ ಹೊರಡಲಿಲ್ಲ. ಆಗ ಅಜ್ಜಿ ನನಗೆ ಒಂದು ಮಾತು ಹೇಳಿದಳು. ಅದನ್ನು ಕಡೆಗೆ ಹೇಳುತ್ತೇನೆ. ಹೇಳಿದವಳೇ ಕೊಡ ಎತ್ತಿಕೊಂಡು ಒಳಗೆ ಹೋದಳು. ಪಂಪಾಪತಿ ಚಪ್ಪಲಿ ಬಿಟ್ಟು ಅವಳ ಹೊಸ್ತಿಲ ಹತ್ತಿರ ಹೋಗಿ ಕೂತ. ಎರಡು ತಾಸು ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪ್ರೊಫೆಸರರು ಬೈಯಲಿಲ್ಲ. ಪಂಪಾಪತಿ ಬರೆದ ಹೊಸ ಫಾರ್ಮನ್ನು ಓದಿ, ಓದು ಎಂದು ನನ್ನ ಕೈಗಿಟ್ಟರು. ಅವನ ಕೋಳಿಕಾಲಿನ ಅಕ್ಷರದಲ್ಲಿ ಇಷ್ಟೇ ಇತ್ತು: "ಮುದುಕಿ ಸೊಸೆ ಮೊಮ್ಮಕ್ಕಳ ಜೊತೆಗೇ ಉಣ್ಣುತ್ತಾಳೆ. ಕಡೆಗೆ ಉಣ್ಣುವವನು ಮಗ ಮಾರೆಪ್ಪ, ಹತ್ತಿ ಬೀಜ ಬಿಡಿಸುವ ಜಿನ್ನಿನ ಕೂಲಿ. ಸಂಜೆ ಬಂದು ಎದುರು ಕಟ್ಟೆಯ ಮೇಲೆ ಕೂಡುತ್ತಾನೆ. ಒಳಗೆ ಗಡಿಗೆ ಕೆರೆಯುವ ಸದ್ದು ಕೇಳಿದ ದಿನ ಹೋಟೆಲಿನಲ್ಲಿ ಉಂಡು ಬಂದೆ ಎನ್ನುತ್ತಾನೆ. ಜಿನ್ನಿನ ಹತ್ತಿರ ಹೋಟೆಲಿಲ್ಲ. ಮುದುಕಿಗೆ ಗೊತ್ತು. ಗೊತ್ತು ಎಂಬುದು ಅವನಿಗೆ ಗೊತ್ತಾಗಬಾರದು ಎಂದಳು."

ಎರಡು ಸಂಜೆ ನನ್ನ ಪಕ್ಕದಲ್ಲೇ ಕೂತಿದ್ದ ಉತ್ತರದಿಂದ ನಾನು ಆಕಳಿಕೆ ಮಾತ್ರ ಎತ್ತಿಕೊಂಡಿದ್ದೆ.

ಮದರಾಸಿಗೆ ಪಂಪಾಪತಿ ಹೋದ. ವರದಿ ಅಚ್ಚಾಗಿ ಬಂದಾಗ ಒಂದು ಪ್ರತಿಯನ್ನು ನನಗೆ ಕಳಿಸಿದ. ಮುನ್ನುಡಿಯಲ್ಲಿ ಅವನ ಹೆಸರು. ನನ್ನನ್ನು ಹುಡುಕಿದೆ, ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಕೆಲವು ಮನೆಗಳನ್ನು ಎರಡನೆಯ ಬಾರಿ ಭೇಟಿ ಮಾಡಲಾಯಿತು" ಎಂದಿತ್ತು. ಆ "ಕೆಲವು" ನಾನು. ವಿದ್ವತ್ ಪ್ರಪಂಚಕ್ಕೆ ನನ್ನ ಕೊಡುಗೆ ಅಷ್ಟು. ಜೊತೆಗೊಂದು ಕಾರ್ಡು: "ನಿನ್ನ ಹದಿನೆಂಟೂ ಮನಿಗೆ ಹೋಗಿ ಬಂದೆ. ಎಲ್ಲಾರೂ ನಿನ್ನ ಕೇಳಿದ್ರು, ಮತ್ತ ಯಾವಾಗ ಬರ್ತಾನ ಆ ದನಿ ಮಾಡೋ ಹುಡುಗ ಅಂತ." ಈ ಕಾರ್ಡನ್ನು ಅವನು ಚುಚ್ಚಲಿಕ್ಕೆ ಬರೆದಿದ್ದರೆ ನಾನು ಎಂದೋ ಕ್ಷಮಿಸಿಬಿಡುತ್ತಿದ್ದೆ.

ಇವತ್ತಿನ ಫಾರ್ಮುಗಳ ಕಟ್ಟಿಗೆ ಬರೋಣ. ಫಾರ್ಮಿನಲ್ಲಿ ಇರುವುದು ಒಂದೇ ಪ್ರಶ್ನೆ: "ಮಗುವು ಶಾಲೆಗೆ ಗೈರುಹಾಜರಾಗಲು ಕಾರಣವೇನು? ಅನಾರೋಗ್ಯ, ನಿರಾಸಕ್ತಿ, ಇತರೆ." ಮೈಸೂರಿನಲ್ಲೂ ಒಬ್ಬ ಭಾಷಣದ ಬಹುಮಾನದವನು ಇದ್ದಾನೆ ಎಂದು ತಿಳಿದು ಸಮಾಧಾನವಾಯಿತು. ಹೆಡ್ಮಾಸ್ತರು ನಕ್ಕು, "ನಿಮಗೇನ್ರಿ, ಎಲ್ಲಾ ತಂದಿ ತಾಯಿ ದನಿ ಬರ್ತೈತಿ. ಇಲ್ಲೇ ಕುಂತು ತುಂಬಿಬಿಡ್ರಿ" ಎಂದರು. ತಮಾಷೆಗೆ ಅಂದರು, ಪಾಪ. ನಾನು ಫಾರ್ಮಿನ ಬೆನ್ನಿಗೆ ಪೆನ್ಸಿಲಿನಲ್ಲಿ ಇನ್ನೊಂದು ಪ್ರಶ್ನೆ ಬರೆದುಕೊಂಡೆ: ಮಗು ಶಾಲೆಗೆ ಬಂದ ದಿನ ಮನೆಯಲ್ಲಿ ಅದರ ಕೆಲಸ ಯಾರು ಮಾಡುತ್ತಾರೆ? ಚೆನ್ನಾಗಿದೆ ಅನಿಸಿತು. ಆಮೇಲೆ ನೋಡಿದರೆ ಇದೂ ಪಂಪಾಪತಿಯದೇ, ಅಂಗಿ ಬದಲಾಯಿಸಿಕೊಂಡು ಬಂದಿದೆ. ಕಡೆಗೂ ಅವನನ್ನು ಅಣಕಿಸಲು ನನಗೆ ಬಂತು. ಉರಿ ಇನ್ನೂ ಇದೆ. ಇರಲಿ, ಬಿಸಿಲಿಗೆ ಹೊರಡಲು ಅದೂ ಸ್ವಲ್ಪ ನೂಕುತ್ತದೆ. ನಾಳೆಯಿಂದ ಮನೆಮನೆಗೆ ಹೋಗುತ್ತೇನೆ. ಕುಂದ್ರು ಎಂದರೆ ಕೂರುತ್ತೇನೆ. ಶೇಂಗಾ ಇದ್ದರೆ ಸುಲಿಯುತ್ತೇನೆ.

ಹುಲಿಗೆಮ್ಮ ಹೇಳಿದ ಮಾತು ಬಾಕಿ ಇದೆ. ಈ ಕಥೆಯನ್ನು ಎಷ್ಟೋ ಕಡೆ, ಎಲ್ಲರ ದನಿ ತೆಗೆದು ಹೇಳಿ ನಗಿಸಿದ್ದೇನೆ. ಆ ಒಂದು ಮಾತಿಗೆ ಬಂದಾಗ ಮಾತ್ರ ಅವಳ ದನಿ ನನ್ನ ಗಂಟಲಿಗೆ ಬರುವುದಿಲ್ಲ. ಆದ್ದರಿಂದ ಬರೆದೇ ಕೊಡುತ್ತೇನೆ. ಕೊಡ ಇಳಿಸಿ, ನನ್ನ ಮುಖವನ್ನೇ ನೋಡಿ, ಬೈಯದೆ, ಕೋಳಿಗೆ ಅಂದದ್ದರ ಅರ್ಧದಷ್ಟೂ ಗಟ್ಟಿಯಾಗಿ ಅನ್ನದೆ ಅವಳು ಕೇಳಿದ್ದು ಇದು:

"ನನ್ನ ದನಿ ಬೀದಿಗೆಲ್ಲಾ ಕೇಳ್ತೈತಿ ಮಗನ, ಅದನ್ನ ಎತ್ಕೊಂಡಿ, ಎತ್ಕೊ. ನಮ್ಮ ಮನಿ ಗಡಿಗಿ ತಳ ನೀ ಯಾವಾಗ ನೋಡಿದ್ಯೋ?"